ಕೇಳದ ಕಿವಿ, ಕೇಳಿಸಿದ ಮಾತು: ನಟ ಬಾಲಕೃಷ್ಣ
(ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ತಾಳವಾಡಿ ಸೀಮೆಯಲ್ಲಿ ಚಲನಚಿತ್ರದ ಮಾತೆತ್ತಿದರೆ ಮೊದಲು ನಾಲಗೆಗೆ ಬರುವ ಹೆಸರು ಯಾವುದೆಂಬುದನ್ನು ಹೇಳಬೇಕಾಗಿಲ್ಲ. 1929ರ ಏಪ್ರಿಲ್ 24ರಂದು ಗಾಜನೂರಿನಲ್ಲಿ ಹುಟ್ಟಿದ ಮುತ್ತುರಾಜರು ರಾಜಕುಮಾರರಾದ ಕಥೆಯನ್ನು ಇಲ್ಲಿಯ ಎಳೆಯ ಮಕ್ಕಳೂ ಬಲ್ಲರು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಕೊಳ್ಳೇಗಾಲವು ಮೈಸೂರಿಗೆ ಸೇರಿತು, ತಾಳವಾಡಿಯು ಮದರಾಸಿನಲ್ಲಿಯೇ ಉಳಿಯಿತು. ಆದರೂ ಕನ್ನಡದ ಮಹಾನಟನು ನಮ್ಮ ಮಣ್ಣಿನವನೆಂಬ ಹೆಮ್ಮೆಯನ್ನು ಯಾವ ಗಡಿಯ ಕಲ್ಲೂ ನಮ್ಮಿಂದ ಕಸಿದುಕೊಳ್ಳಲಿಲ್ಲ. ಇಂದು ನಾವು ಮಾತನಾಡಬೇಕೆಂದಿರುವುದು ಅವರನ್ನು ಕುರಿತಲ್ಲ. ಅವರ ಎದುರಿಗೆ ನಿಂತು, ಒಮ್ಮೆ ಕಾಡಿ, ಒಮ್ಮೆ ಕಾಪಾಡಿ, ಒಮ್ಮೆ ನಗಿಸಿ, ನೂರಾರು ಚಿತ್ರಗಳಲ್ಲಿ ನಮ್ಮ ಕಣ್ಣಿಗೆ ಮನೆಯವರಂತಾದ ಟಿ. ಎನ್. ಬಾಲಕೃಷ್ಣರನ್ನು ಕುರಿತು. ಬಾಲಣ್ಣನೆಂದರೆ ತಮಗೆಲ್ಲ ಬೇಗ ತಿಳಿದೀತು.

ಬಾಲಕೃಷ್ಣರಿಗೆ ಕಿವಿ ಕೇಳಿಸುತ್ತಿರಲಿಲ್ಲ. ಮಾತೇ ಪ್ರಾಣವಾದ ಕಲೆಯಲ್ಲಿ ಮಾತು ಕಿವಿಗೆ ಬೀಳದವರೊಬ್ಬರು ಅರ್ಧ ಶತಮಾನ ಕಾಲ ನಡೆದರು, ಐನೂರರವತ್ತಕ್ಕೂ ಹೆಚ್ಚು ಚಿತ್ರಗಳಲ್ಲಿ ಬಣ್ಣ ಹಚ್ಚಿದರು. ಚಿತ್ರಗಳ ಎಣಿಕೆಗಿಂತಲೂ ಅದನ್ನು ಅವರು ಹೇಗೆ ಸಾಧಿಸಿದರೆಂಬುದೇ ನಮಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ.

ಅವರು ಹುಟ್ಟಿದ್ದು 1911ರ ನವೆಂಬರ್ 2ರಂದು, ಅರಸೀಕೆರೆಯಲ್ಲಿ. ಮನೆಯಲ್ಲಿ ಕಡುಬಡತನ. ತಂದೆಯ ಕಾಯಿಲೆಗೆ ಔಷಧ ತರಲು ಹಣವಿಲ್ಲದೆ, ಕೂಸನ್ನು ಎಂಟು ರೂಪಾಯಿಗೆ ಬೇರೊಂದು ಮನೆಗೆ ಕೊಟ್ಟುಬಿಟ್ಟರೆಂದು ಅವರ ಜೀವನವೃತ್ತಾಂತದಲ್ಲಿ ಬರುತ್ತದೆ. ಎಂಟು ರೂಪಾಯಿ! ಹೆಚ್ಚು ವಿಸ್ತರಿಸಿದರೆ ಕರುಣಾಜನಕ ಕಥೆಯಾಗುವ ವಿಷಯವಿದು. ಅಂತಹ ಬಾಲ್ಯದ ಹುಡುಗನಿಗೆ ಆ ಕಾಲದಲ್ಲಿ ಆಸರೆಯಾಗಬಲ್ಲ ಸ್ಥಳ ಒಂದಿತ್ತು, ಅದು ನಾಟಕದ ಕಂಪನಿ, ಎಂಬಷ್ಟನ್ನು ಹೇಳಿದರೆ ಸಾಕು.

ಕಂಪನಿ ನಾಟಕವೆಂದರೇನೆಂಬುದು ಇಂದಿನ ತರುಣರಿಗೆ ಪೂರ್ತಿಯಾಗಿ ತಿಳಿಯದು. ಊರಿಂದೂರಿಗೆ ಗಾಡಿಗಳಲ್ಲಿ ಪರದೆ, ಪೆಟ್ಟಿಗೆ, ಪಾತ್ರೆಪಡಗಗಳನ್ನು ಹೇರಿಕೊಂಡು ಹೋಗಿ, ತಡಿಕೆ ತಗಡುಗಳ ರಂಗಮಂದಿರ ಕಟ್ಟಿ, ರಾತ್ರಿಯಿಂದ ಬೆಳಗಿನ ಜಾವದವರೆಗೆ ಆಡುವ ಆಟ. ಧ್ವನಿವರ್ಧಕವಿಲ್ಲದ ದಿನಗಳಲ್ಲಿ ನಟನ ಕಂಠವು ಹಿಂದಿನ ಸಾಲಿನ ಕಾಲಾಣೆ ಪ್ರೇಕ್ಷಕನಿಗೂ ಮುಟ್ಟಬೇಕು. ಹಾರ್ಮೋನಿಯಂ ಹಿಡಿದ ಶ್ರುತಿಗೆ ಪದ ಸೇರಬೇಕು. ಮಾತು ಮರೆತರೆ ಪರದೆಯ ಮರೆಯಿಂದ ಒಬ್ಬರು ಎತ್ತಿಕೊಡುತ್ತಾರೆ. ಅದನ್ನು ಹಿಡಿದು ನಟನು ಮುಂದುವರಿಯುತ್ತಾನೆ. ಈ ಏರ್ಪಾಡುಗಳೆಲ್ಲ ಕಿವಿಯುಳ್ಳವರಿಗಾಗಿ ಆದವು. ಕೇಳದವನಿಗೆ ಶ್ರುತಿಯ ಆಸರೆಯಿಲ್ಲ, ಮರೆಯಿಂದ ಬರುವ ಪದದ ಆಸರೆಯೂ ಇಲ್ಲ. ಮಾತು ತಪ್ಪಿದರೆ ತಪ್ಪಿದಂತೆಯೇ.

ಹೀಗಾಗಿ ಬಾಲಕೃಷ್ಣರು ಬೇರೆ ದಾರಿಯೊಂದನ್ನು ಕಂಡುಕೊಳ್ಳಬೇಕಾಯಿತು. ತಮ್ಮ ಮಾತನ್ನಷ್ಟೇ ಅಲ್ಲದೆ ಎದುರಿನವರ ಮಾತನ್ನೂ ಅವರು ಬಾಯಿಪಾಠ ಮಾಡುತ್ತಿದ್ದರು; ಎದುರಿನವರ ತುಟಿಯ ಚಲನೆಯನ್ನು ಕಣ್ಣಿಟ್ಟು ನೋಡಿ, ಆ ಮಾತು ಎಲ್ಲಿಗೆ ಬಂದಿದೆಯೆಂದು ಅರಿತು, ಕ್ಷಣ ತಪ್ಪದೆ ತಮ್ಮ ಉತ್ತರವನ್ನು ಕೊಡುತ್ತಿದ್ದರು. ಅವರ ಜೊತೆಗೆ ನಟಿಸಿದವರು ಇದನ್ನು ಮತ್ತೆ ಮತ್ತೆ ನೆನೆದಿದ್ದಾರೆ. ಸಾಮಾನ್ಯವಾಗಿ ನಟನಾದವನು ಎದುರಿನವನು ಮಾತು ಮುಗಿಸುವುದನ್ನು ಕಾಯುತ್ತಾನೆ. ಆ ವೇಳೆಯಲ್ಲಿ ಅವನ ಮನಸ್ಸು ತನ್ನ ಮುಂದಿನ ಮಾತಿನ ಮೇಲಿರುತ್ತದೆ. ಬಾಲಕೃಷ್ಣರಿಗೆ ಆ ಬಿಡುವೇ ಇರಲಿಲ್ಲ. ಎದುರಿನವರನ್ನು ಬಿಟ್ಟು ಕಣ್ಣು ಅತ್ತಿತ್ತ ಹೋದರೆ ದೃಶ್ಯವೇ ಕೈತಪ್ಪುತ್ತಿತ್ತು. ಅದರಿಂದಲೇ ಅವರ ಮುಖದಲ್ಲಿ ಆ ಎಚ್ಚರ, ಆ ಕಣ್ಣುಗಳಲ್ಲಿ ಆ ಚುರುಕು ಬಂದವೆಂಬುದು ನಮ್ಮ ಅಭಿಪ್ರಾಯ. ಕೊರತೆಯನ್ನು ಮುಚ್ಚಲು ಕಲಿತ ವಿದ್ಯೆಯೇ ಅವರ ನಟನೆಯ ಕಸುವಾಯಿತು.

‘ಪೋಷಕ ನಟ’ ಎಂದು ನಮ್ಮಲ್ಲಿ ಒಂದು ಪದ ಬಳಕೆಯಲ್ಲಿದೆ. ಪದವೇನೋ ಸೊಗಸಾದುದೇ, ನಾಯಕನ ಪಾತ್ರಕ್ಕೆ ಪೋಷಣೆ ಕೊಡುವವನೆಂದು ಅರ್ಥ. ಆದರೆ ಭಿತ್ತಿಪತ್ರಗಳಲ್ಲಿ ಅವನ ಹೆಸರನ್ನು ಹುಡುಕಬೇಕಾದರೆ ಕನ್ನಡಕ ಬೇಕಾಗುತ್ತದೆ.

ಗುಬ್ಬಿ ವೀರಣ್ಣನವರ ಕಂಪನಿಯೇ ಮೊದಲಾದ ಮಂಡಳಿಗಳಲ್ಲಿ ದುಡಿದ ಮೇಲೆ, 1943ರ ‘ರಾಧಾರಮಣ’ ಚಿತ್ರದಿಂದ ಅವರು ಬೆಳ್ಳಿತೆರೆಗೆ ಬಂದರು. ಅಂದಿನ ಕನ್ನಡ ಚಿತ್ರರಂಗವು ವರ್ಷಕ್ಕೆ ಬೆರಳೆಣಿಕೆಯ ಚಿತ್ರಗಳನ್ನು ಕಾಣುತ್ತಿತ್ತು. ಅವೂ ಬಹುಪಾಲು ಮದರಾಸಿನ ಸ್ಟುಡಿಯೋಗಳಲ್ಲಿ ತಯಾರಾಗುತ್ತಿದ್ದವು. ಕನ್ನಡದ ನಟರಿಗೆ ಅನ್ಯರ ಅಂಗಳದಲ್ಲಿ ಅಡುಗೆ ಮಾಡಿಕೊಂಡ ಹಾಗೆ. ಆ ಸಂಕಟ ಹೇಗಿರುತ್ತದೆಂಬುದನ್ನು ಗಡಿಯಾಚೆಯ ಕನ್ನಡಿಗರಾದ ನಮಗೆ ಯಾರೂ ವಿವರಿಸಬೇಕಾಗಿಲ್ಲ. 1954ರಲ್ಲಿ ‘ಬೇಡರ ಕಣ್ಣಪ್ಪ’ ಬಂದು ರಾಜಕುಮಾರರ ಹೆಸರು ಮನೆಮಾತಾದ ತರುವಾಯವೂ ಕಲಾವಿದರ ಕಷ್ಟ ತೀರಲಿಲ್ಲ. ಆಗ ರಾಜಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ. ವಿ. ಅಯ್ಯರ್ ಈ ನಾಲ್ವರು ಒಂದುಗೂಡಿ ಕನ್ನಡ ಚಲನಚಿತ್ರ ಕಲಾವಿದರ ಸಂಘವನ್ನು ಕಟ್ಟಿ, ನಾಡಿನಲ್ಲಿ ನಾಟಕಗಳನ್ನಾಡುತ್ತ ತಿರುಗಿದರು. ಚಿತ್ರನಟರು ಮರಳಿ ರಂಗದ ಹಲಗೆಯ ಮೇಲೆ ನಿಂತು ಹೊಟ್ಟೆ ಹೊರೆದರು, ಇದರಲ್ಲಿ ನಾಚಿಕೆಯೇನಿದೆ? ಅದೇ ಸಂಘದ ಹೆಸರಿನಲ್ಲಿ 1960ರಲ್ಲಿ ‘ರಣಧೀರ ಕಂಠೀರವ’ ಚಿತ್ರವು ಹೊರಬಂದಿತು. ಹೊರಗಿನ ಬಂಡವಾಳಗಾರನ ಬಾಗಿಲು ಕಾಯದೆ ನಟರೇ ನಿರ್ಮಾಪಕರಾದ ಆ ಸಾಹಸದಲ್ಲಿ ಬಾಲಕೃಷ್ಣರ ಹೆಗಲೂ ಇತ್ತು.

ಇನ್ನು ಅವರ ಪಾತ್ರಗಳು. ಎಲ್ಲವನ್ನೂ ಹೇಳಹೊರಟರೆ ಅಧ್ಯಕ್ಷರು ಗಂಟೆ ಬಾರಿಸಿಯಾರು. 1972ರ ‘ಬಂಗಾರದ ಮನುಷ್ಯ’ ಚಿತ್ರದ ರಾಚೂಟಪ್ಪನನ್ನು ನೆನೆಯಿರಿ. ಬರಡು ನೆಲವನ್ನು ಹಸನು ಮಾಡಹೊರಟ ರಾಜೀವನ ಬೆನ್ನಿಗೆ ನಿಲ್ಲುವ ಆ ಹಳ್ಳಿಯ ಹಿರಿಯ, ನಮ್ಮ ಸೀಮೆಯ ಯಾವ ಜಗಲಿಯ ಮೇಲಾದರೂ ಕುಳಿತಿರಬಹುದಾದವನು. ಎರಡೇ ವರ್ಷಗಳ ತರುವಾಯ, 1974ರಲ್ಲಿ ‘ಭಕ್ತ ಕುಂಬಾರ’ದ ಸಂತೋಬನಾಗಿ ಅದೇ ಮುಖವು ಮತ್ಸರದಿಂದ ಕುದಿಯುತ್ತದೆ. ಅದೇ ವರ್ಷದ ‘ಸಂಪತ್ತಿಗೆ ಸವಾಲ್’ ಚಿತ್ರದಲ್ಲಿಯೂ ಅವರದು ಜನ ಹಲ್ಲು ಕಡಿದ ಪಾತ್ರವೇ. ಇಲ್ಲಿ ಅವರ ಕುಶಲತೆಯೊಂದನ್ನು ಗಮನಿಸಬೇಕು: ಬಾಲಕೃಷ್ಣರ ದುಷ್ಟರು ರಾಕ್ಷಸರಲ್ಲ. ಅವರು ಗುಡುಗುವುದಿಲ್ಲ. ಊರಲ್ಲಿ ಎಲ್ಲರ ಯೋಗಕ್ಷೇಮ ವಿಚಾರಿಸುತ್ತಲೇ ಹೊಲದ ಬದುವನ್ನು ಗೇಣು ಗೇಣಾಗಿ ಸರಿಸುವ ಜನ. ನೋಡುವಾಗ ನಗು ಬರುತ್ತದೆ, ನಕ್ಕ ಮೇಲೆ ಭಯವಾಗುತ್ತದೆ. ಹಾಸ್ಯವನ್ನೂ ಕೇಡನ್ನೂ ಒಂದೇ ಮುಖದಲ್ಲಿ ಇರಿಸಬಲ್ಲವರು ನಮ್ಮಲ್ಲಿ ಹೆಚ್ಚು ಮಂದಿ ಇರಲಿಲ್ಲ. ನರಸಿಂಹರಾಜುರವರ ಪ್ರತಿಭೆ ಅಸಾಧಾರಣವಾದುದೇ, ಆದರೆ ಅವರನ್ನು ಕಂಡು ಯಾವ ಮಗುವೂ ಹೆದರಲಿಲ್ಲ.

ಮತ್ತೊಂದು ಸಂಗತಿ ನಮ್ಮಂತಹವರಿಗೆ ಮುಖ್ಯವಾದುದು. ನಮ್ಮಲ್ಲಿ ಎಷ್ಟೋ ಮನೆಗಳ ಮಕ್ಕಳಿಗೆ ಶಾಲೆಯ ಹೊರಗೆ ಕಿವಿಗೆ ಬೀಳುವ ಕನ್ನಡವೆಂದರೆ ಅಡುಗೆಮನೆಯದು ಮತ್ತು ಚಲನಚಿತ್ರದ್ದು. ನಾಯಕರು ಗ್ರಂಥದ ಕನ್ನಡ ನುಡಿಯುತ್ತಿದ್ದ ಕಾಲದಲ್ಲಿ ಗಾದೆ, ಗದರಿಕೆ, ಗೊಣಗಾಟಗಳ ಹಳ್ಳಿಯ ಕನ್ನಡವನ್ನು ತೆರೆಯ ಮೇಲೆ ಉಳಿಸಿದವರು ಇಂತಹ ಪೋಷಕ ನಟರು. ತಾವು ಆಡಿದ ಮಾತು ತಮಗೇ ಕೇಳಿಸದಿದ್ದ ವ್ಯಕ್ತಿಯ ಬಾಯಿಂದ ನಮ್ಮ ಮಕ್ಕಳು ಕನ್ನಡ ಕಲಿತರೆಂಬುದನ್ನು ನಾವು ಲಘುವಾಗಿ ಎಣಿಸಲಾರೆವು.

ಅವರ ಕನಸಿನ ಕಥೆ ಮಾತ್ರ ಇಷ್ಟು ಸುಖದ್ದಲ್ಲ. ಕನ್ನಡ ಚಿತ್ರಗಳು ಕನ್ನಡದ ನೆಲದಲ್ಲಿಯೇ ತಯಾರಾಗಬೇಕೆಂದು ಹಂಬಲಿಸಿದ ಅವರು, 1960ರ ದಶಕದಲ್ಲಿ ಬೆಂಗಳೂರಿನ ಕೆಂಗೇರಿಯ ಬಳಿ ‘ಅಭಿಮಾನ್ ಸ್ಟುಡಿಯೋ’ ಕಟ್ಟಹೊರಟರು. ಸರಕಾರವು ಮೈಲಸಂದ್ರದಲ್ಲಿ 20 ಎಕರೆ ನೆಲವನ್ನು ಕೊಟ್ಟಿತು. ನೆಲ ದೊರೆತರೆ ಸ್ಟುಡಿಯೋ ಆಗದು. ಯಂತ್ರ ಬೇಕು, ದೀಪ ಬೇಕು, ಮನೆ ಬೇಕು. ಬಣ್ಣ ಹಚ್ಚಿ ಗಳಿಸಿದ್ದನ್ನು ಅವರು ಅಲ್ಲಿ ಸುರಿದರು. ಅವರು ಬಯಸಿದ ಮಟ್ಟಕ್ಕೆ ಅದು ಏಳಲಿಲ್ಲ. 1995ರ ಜುಲೈ 19ರಂದು ಅವರು ತೀರಿಕೊಂಡರು. 2009ರ ಡಿಸೆಂಬರಿನಲ್ಲಿ ವಿಷ್ಣುವರ್ಧನರ ಅಂತ್ಯಕ್ರಿಯೆ ಅದೇ ನೆಲದಲ್ಲಿ ನಡೆಯಿತು. ಅಲ್ಲಿದ್ದ ಅವರ ಸಮಾಧಿಯನ್ನು 2025ರ ಆಗಸ್ಟಿನಲ್ಲಿ ತೆರವು ಮಾಡಿದಾಗ ಎದ್ದ ಕೋಲಾಹಲವನ್ನು ತಾವೆಲ್ಲ ಪತ್ರಿಕೆಗಳಲ್ಲಿ ಓದಿದ್ದೀರಿ. ಆ ಗದ್ದಲದಲ್ಲಿ, ಆ ಇಪ್ಪತ್ತು ಎಕರೆಯನ್ನು ಬಯಸಿ ಬೇಡಿದವರು ಯಾವ ಉದ್ದೇಶಕ್ಕಾಗಿ ಬೇಡಿದ್ದರೆಂಬ ಮಾತು ಹಿಂದೆ ಬಿದ್ದಿತೆಂಬುದೇ ನಮಗೆ ನೋವಿನ ಸಂಗತಿ.

ಕೊನೆಗೆ ಒಂದು ವಿನಂತಿ. ಮುಂದೆ ಎಂದಾದರೂ ಮನೆಯಲ್ಲಿ ‘ಬಂಗಾರದ ಮನುಷ್ಯ’ ನೋಡುವ ಅವಕಾಶ ಒದಗಿದರೆ, ನಮ್ಮ ಗಾಜನೂರಿನ ನಾಯಕರು ಮಾತನಾಡುತ್ತಿರುವಾಗ ಕ್ಷಣಕಾಲ ಅವರನ್ನು ಬಿಟ್ಟು, ಎದುರಿಗಿರುವ ರಾಚೂಟಪ್ಪನ ಕಣ್ಣುಗಳನ್ನು ನೋಡಿರಿ. ಅವು ಎಲ್ಲಿ ನೆಟ್ಟಿವೆಯೆಂಬುದನ್ನು ಮಕ್ಕಳಿಗೂ ತೋರಿಸಿರಿ.