ಒಣಹವೆಯ ಕಾಲದಲ್ಲಿ ಮನೆಯೊಳಗಿನ ತೇವ



ಬೆಳಗಾವಿಯ ಪೂರ್ವಕ್ಕಿರುವ ಸಾಂಬ್ರಾ, ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದ ಊರು. ಅದರ ಪಶ್ಚಿಮಕ್ಕೆ ಖಾನಾಪುರದ ಕಾಡು, ಪೂರ್ವಕ್ಕೆ ಬಯಲುಸೀಮೆ. ಮುಂಗಾರಿನಲ್ಲಿ ಕಣಕುಂಬಿ, ಜಾಂಬೋಟಿಗಳ ಮನೆಗಳಲ್ಲಿ ಬಟ್ಟೆ ಒಣಗುವುದಿಲ್ಲ. ಗೋಡೆಗೆ ಬೂಷ್ಟು ಹಿಡಿಯುತ್ತದೆ. ಜನವರಿಯಿಂದ ಮಾರ್ಚ್‌ವರೆಗೆ ಸಾಂಬ್ರಾದ ಕಡೆ ತುಟಿ ಒಡೆಯುತ್ತದೆ, ಮೂಗು ಒಣಗುತ್ತದೆ, ಮರದ ಬಾಗಿಲು ಸಂದು ಬಿಡುತ್ತದೆ. ಇದಕ್ಕೆ ಪರಿಹಾರವೆಂದು ಹ್ಯೂಮಿಡಿಫೈಯರ್ ಎಂಬ ಯಂತ್ರ ಪೇಟೆಯಲ್ಲಿ ಮಾರಾಟವಾಗುತ್ತಿದೆ. ಕೊಳ್ಳುವ ಮೊದಲು ಅದರ ಗುಣದೋಷಗಳನ್ನು ವಿಚಾರಿಸುವುದು ಒಳಿತು.

ಗಾಳಿ ಬಿಸಿಯಾದಷ್ಟೂ ಅದು ಹಿಡಿಯಬಲ್ಲ ನೀರಾವಿಯ ಪ್ರಮಾಣ ಹೆಚ್ಚುತ್ತದೆ. ಬೆಳಗಿನ 14 ಡಿಗ್ರಿ ಚಳಿಯಲ್ಲಿ ಮಂಜಿನಿಂದ ತುಂಬಿದ ಒಂದು ಘನಮೀಟರ್ ಗಾಳಿಯಲ್ಲಿ ಸುಮಾರು 12 ಗ್ರಾಂ ನೀರಾವಿ ಇರುತ್ತದೆ. ಮಧ್ಯಾಹ್ನ ಅದೇ ಗಾಳಿ 30 ಡಿಗ್ರಿಗೆ ಕಾದರೆ ಸಾಪೇಕ್ಷ ಆರ್ದ್ರತೆ ಶೇ. 40ಕ್ಕೆ ಇಳಿಯುತ್ತದೆ. ನೀರು ಕಡಿಮೆಯಾಗಿಲ್ಲ, ಕಾವು ಏರಿದೆ.

ಮನೆಯೊಳಗೆ ಶೇ. 30ರಿಂದ 50ರಷ್ಟು ಆರ್ದ್ರತೆ ಸಾಕು. ಶೇ. 60 ಮೀರಿದರೆ ಬೂಷ್ಟು, ಧೂಳುನುಸಿಗಳು ಬೆಳೆದು ಉಬ್ಬಸದವರಿಗೆ ತೊಂದರೆಯಾಗುತ್ತದೆ. ಆದ್ದರಿಂದ ಮೊದಲು ಅಳೆಯಬೇಕು. ವಿದ್ಯಾರ್ಥಿಗಳು ಎರಡು ಉಷ್ಣಮಾಪಕಗಳನ್ನು ತೆಗೆದುಕೊಂಡು ಒಂದರ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಗಾಳಿ ಬೀಸಲಿ. ಒಣದ್ದು 25, ಒದ್ದೆಯದು 18 ತೋರಿಸಿದರೆ ಆರ್ದ್ರತೆ ಸುಮಾರು ಶೇ. 50. ಅಂತರ ಹೆಚ್ಚಿದಷ್ಟೂ ಗಾಳಿ ಒಣಗಿದೆಯೆಂದು ತಿಳಿಯಬೇಕು.

ಹನ್ನೆರಡು ಅಡಿ ಉದ್ದ, ಹತ್ತು ಅಡಿ ಅಗಲ, ಹತ್ತು ಅಡಿ ಎತ್ತರದ ಕೋಣೆಯ ಆರ್ದ್ರತೆಯನ್ನು 25 ಡಿಗ್ರಿಯಲ್ಲಿ ಶೇ. 30ರಿಂದ 50ಕ್ಕೆ ಏರಿಸಲು ಬೇಕಾದ ನೀರು ಸುಮಾರು 150 ಮಿಲಿಲೀಟರ್, ಒಂದು ಲೋಟಕ್ಕೂ ಕಡಿಮೆ. ಹಿಂಡಿದ ಒದ್ದೆ ಪಂಚೆಯನ್ನು ರಾತ್ರಿ ಕೋಣೆಯಲ್ಲಿ ಹರವಿದರೆ ಅಷ್ಟು ನೀರು ಆವಿಯಾದೀತು. ಕಿಟಕಿ ತೆರೆದಿದ್ದರೆ ಆ ತೇವ ಹೊರಹೋಗುತ್ತದೆ. ಯಂತ್ರದ ತೇವಕ್ಕೂ ಅದೇ ಗತಿ. ಹಾಗೆಂದು ಒಲೆ ಉರಿಯುವಾಗ ಕಿಟಕಿ ಮುಚ್ಚಬಾರದು. ಒಣಹವೆಗಿಂತ ಹೊಗೆ ಹೆಚ್ಚು ಅಪಾಯಕಾರಿ.

ಶಿಶುಗಳಿಗಾಗಿಯೋ ರೋಗಿಗಳಿಗಾಗಿಯೋ ವೈದ್ಯರ ಸಲಹೆಯಂತೆ ಯಂತ್ರವನ್ನು ಬಳಸುವವರು ಪ್ರತಿದಿನ ನೀರು ಚೆಲ್ಲಿ, ಪಾತ್ರೆಯನ್ನು ಉಜ್ಜಿ ಒಣಗಿಸಬೇಕು. ನಿಂತ ನೀರಿನಲ್ಲಿ ಬೆಳೆದ ಸೂಕ್ಷ್ಮಜೀವಿಗಳು ಆವಿಯೊಡನೆ ಉಸಿರಿಗೆ ಸೇರುತ್ತವೆ. ನೀರನ್ನು ಕಂಪನದಿಂದ ಮಂಜಾಗಿಸುವ ಯಂತ್ರಕ್ಕೆ ಕೊಳವೆಬಾವಿಯ ಗಡಸು ನೀರು ಹಾಕಿದರೆ ಅದರ ಲವಣ ಬಿಳಿಯ ಹುಡಿಯಾಗಿ ಕೋಣೆಯೆಲ್ಲ ಹರಡುತ್ತದೆ. ನೀರಿಗೆ ಯಾವ ಔಷಧವನ್ನೂ ಬೆರೆಸಬಾರದು. ದಕ್ಷಿಣ ಕೊರಿಯಾದಲ್ಲಿ ಈ ಯಂತ್ರಗಳ ನೀರಿಗೆ ಬೆರೆಸುತ್ತಿದ್ದ ಕ್ರಿಮಿನಾಶಕ ದ್ರವವೇ ಶ್ವಾಸಕೋಶದ ಮಾರಕ ರೋಗಕ್ಕೆ ಕಾರಣವೆಂದು 2011ರಲ್ಲಿ ಗುರುತಿಸಲಾಯಿತು. ಗರ್ಭಿಣಿಯರೂ ಬಾಣಂತಿಯರೂ ಎಳೆಯ ಮಕ್ಕಳೂ ಅದಕ್ಕೆ ಬಲಿಯಾದರು. ಶುಚಿತ್ವಕ್ಕೆಂದು ಕೊಂಡದ್ದೇ ವಿಷವಾಯಿತು.

ಇನ್ನೊಂದು ಎಚ್ಚರಿಕೆ ಅಗತ್ಯ. ಕೆಮ್ಮಿಗೆಲ್ಲ ಒಣಹವೆಯನ್ನು ದೂರುವಂತಿಲ್ಲ. ಎರಡು ವಾರ ಮೀರಿದ ಕೆಮ್ಮಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ ಕಫ ಪರೀಕ್ಷೆ ಮಾಡಿಸಬೇಕು, ಅದು ಕ್ಷಯವಿರಬಹುದು.

ಕೊನೆಗೆ ಮತ್ತೆ ಮೊದಲಿನ ಲೆಕ್ಕವನ್ನೇ ನೋಡಿರಿ. ಅದೇ 12 ಗ್ರಾಂ ನೀರಾವಿಯಿರುವ ಕೋಣೆ 30ರ ಬದಲು 25 ಡಿಗ್ರಿಯಲ್ಲಿದ್ದರೆ ಆರ್ದ್ರತೆ ಶೇ. 40ರಿಂದ 52ಕ್ಕೆ ಏರುತ್ತದೆ, ಒಂದು ಹನಿ ನೀರನ್ನೂ ಸೇರಿಸದೆ. ಪಶ್ಚಿಮದ ಗೋಡೆಗೆ ಬಿಸಿಲು ತಾಗದಂತೆ ನಿಂತ ಹೊಂಗೆ, ಬೇವು, ಮಾವು ಈ ಕೆಲಸವನ್ನು ವಿದ್ಯುತ್ತಿಲ್ಲದೆ ಮಾಡಬಲ್ಲವು. ರಸ್ತೆಗೆಂದು, ಕಟ್ಟಡಕ್ಕೆಂದು ಅಂಗಳದ ಮರವನ್ನು ಕಡಿದು, ಅನಂತರ ಕೋಣೆಗೆ ಯಂತ್ರ ತರುವುದು ಲಾಭದ ವ್ಯವಹಾರವಲ್ಲ. ಈ ಮಳೆಗಾಲದಲ್ಲಿ ಪ್ರತಿಯೊಂದು ಮನೆಯ ಪಶ್ಚಿಮಕ್ಕೆ ಒಂದು ಸಸಿ ನೆಡುವಂತಾಗಲಿ, ಅದು ಗೋಡೆಯಷ್ಟು ಎತ್ತರ ಬೆಳೆಯುವವರೆಗೆ ಬೇಸಿಗೆಯಲ್ಲಿ ಅದಕ್ಕೆ ನೀರೆರೆಯುವಂತಾಗಲಿ.