ವಿಪತ್ತಿನ ವಿದ್ಯೆ ದುಡಿಯುವವನಿಗೂ ಬೇಕು
(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಈ ಸಂಘದ ಸದಸ್ಯರಾದ ನಾವು ಮೂವರು ವಿಪತ್ತು ನಿರ್ವಹಣೆಯ ಸ್ನಾತಕೋತ್ತರ ಪದವಿಗೆಂದು ಆನ್‌ಲೈನ್ ಮೂಲಕ ಓದಲು ಕುಳಿತೆವು. ಒಬ್ಬರು ಬಂದರಿನಲ್ಲಿ ದುಡಿಯುವವರು, ಒಬ್ಬರು ಆಸ್ಪತ್ರೆಯ ವಾರ್ಡಿನವರು, ಮತ್ತೊಬ್ಬರು ಹೋಟೆಲಿನ ಗಲ್ಲಾಪೆಟ್ಟಿಗೆಯ ಬಳಿ ಕೂರುವವರು. “ಈ ವಯಸ್ಸಿನಲ್ಲಿ ಇದೇಕಪ್ಪಾ?” ಎಂದು ಕೇಳಿದವರು ಅನೇಕರು. ಅದಕ್ಕೆ ಉತ್ತರ ಹೇಳುವುದು ನಮ್ಮ ಕರ್ತವ್ಯ.

ನಾವಿದ್ದ ಚಾಳಿನ ಕೆಳಗಿನ ಗೋದಾಮಿಗೆ ಒಂದು ರಾತ್ರಿ ಬೆಂಕಿ ಬಿತ್ತು. ಮೆಟ್ಟಿಲ ತುಂಬ ಪೆಟ್ಟಿಗೆಗಳು. ಹಿಂದಿನ ಬಾಗಿಲಿಗೆ ಬೀಗ. ವಿದ್ಯುತ್ತಿನ ಮುಖ್ಯ ಸ್ವಿಚ್ಚು ಎಲ್ಲಿದೆಯೆಂದು ಯಾರಿಗೂ ಗೊತ್ತಿಲ್ಲ. ಊರಿನಿಂದ ಬಂದು ತಿಂಗಳಾಗದ ಹುಡುಗನೊಬ್ಬನ ಕೈಗಳು ಬೆಂದವು. ಅಂದು ಓಡಾಡುವವರಿಗೆ ಕೊರತೆಯಿರಲಿಲ್ಲ. ಮಾಡಬೇಕಾದ್ದು ಏನೆಂದು ತಿಳಿದವರಿಗೆ ಕೊರತೆಯಿತ್ತು.

ಈ ನಗರಕ್ಕೆ ಇಂಥ ಪಾಠ ಹೊಸದಲ್ಲ. 1944ರ ಏಪ್ರಿಲ್ 14ರಂದು ಮುಂಬಯಿಯ ವಿಕ್ಟೋರಿಯಾ ಡಾಕಿನಲ್ಲಿ ‘ಫೋರ್ಟ್ ಸ್ಟಿಕಿನ್’ ಹಡಗು ಸಿಡಿಯಿತು. ಅರಳೆಯ ಮೂಟೆಗಳನ್ನೂ ಸ್ಫೋಟಕಗಳನ್ನೂ ಒಂದೇ ಹಡಗಿನಲ್ಲಿ ತುಂಬಿದ್ದರು. ಬೆಂಕಿಯಾರಿಸಲು ಹೋದ ಅಗ್ನಿಶಾಮಕ ದಳದ 66 ಮಂದಿ ಮಡಿದರು. ಅವರ ನೆನಪಿಗಾಗಿಯೇ ದೇಶದಲ್ಲಿ ಏಪ್ರಿಲ್ 14ನ್ನು ಅಗ್ನಿಶಾಮಕ ದಿನವೆಂದು ಆಚರಿಸುತ್ತಾರೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. ಮಳೆ ಎಲ್ಲರ ಮೇಲೂ ಬಿತ್ತು. ಆದರೆ ಮಾಳಿಗೆಯವನ ಪಾಡು ಬೇರೆ, ಮೀಠಿ ನದಿಯ ದಡದ ಜೋಪಡಿಯವನ ಪಾಡು ಬೇರೆ. ಮಳೆ ಪ್ರಕೃತಿಯದು, ಅದನ್ನು ವಿಪತ್ತಾಗಿಸುವುದು ಬಹುಮಟ್ಟಿಗೆ ನಮ್ಮ ವ್ಯವಸ್ಥೆ. ಈ ವಿದ್ಯೆಯ ಮೊದಲ ಪಾಠ ಇದೇ.

ಅದೇ ವರ್ಷ ಡಿಸೆಂಬರಿನಲ್ಲಿ ವಿಪತ್ತು ನಿರ್ವಹಣಾ ಕಾಯಿದೆ ಬಂದು, ರಾಷ್ಟ್ರ, ರಾಜ್ಯ, ಜಿಲ್ಲೆಗಳಲ್ಲಿ ಪ್ರಾಧಿಕಾರಗಳಿಗೆ ದಾರಿಯಾಯಿತು. ಅಪಾಯವನ್ನು ಮುಂಚೆಯೇ ತಗ್ಗಿಸುವುದು, ಸಿದ್ಧವಾಗಿರುವುದು, ಒದಗಿದಾಗ ನೆರವಾಗುವುದು, ಆಮೇಲೆ ಬದುಕನ್ನು ಮತ್ತೆ ಕಟ್ಟುವುದು: ಈ ನಾಲ್ಕು ಹಂತಗಳನ್ನು ನಾವು ಓದಿದೆವು. ಪಾಳಿ ಮುಗಿಸಿ ಬಂದು, ಮಂದಿ ಮಲಗಿದ ಖೋಲಿಯ ಮೂಲೆಯಲ್ಲಿ, ಮೊಬೈಲಿನ ಬೆಳಕಿನಲ್ಲಿ ಓದಿದೆವು. ಹಗಲು ದುಡಿದು ಕನ್ನಡ ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತ ಹಿರಿಯರು ಈ ಸಭೆಯಲ್ಲಿದ್ದಾರೆ. ನಮ್ಮದೂ ಅದೇ ದಾರಿ.

ಓದಬಯಸುವವರಿಗೆ ಎರಡು ಮಾತು. ಹಣ ಕಟ್ಟುವ ಮುನ್ನ ಆ ಪಾಠಕ್ರಮಕ್ಕೆ ವಿಶ್ವವಿದ್ಯಾನಿಲಯ ಅನುದಾನ ಆಯೋಗದ ಮನ್ನಣೆಯಿದೆಯೇ ಎಂದು ನೋಡಿರಿ. ಮನ್ನಣೆಯಿರುವ ಸಂಸ್ಥೆಗಳ ಆನ್‌ಲೈನ್ ಪದವಿಯು ತರಗತಿಯ ಪದವಿಗೆ ಸಮಾನವೆಂದು ಆಯೋಗವು 2022ರಲ್ಲಿ ಸ್ಪಷ್ಟಪಡಿಸಿದೆ. ಆದರೆ ಪದವಿ ಬಂದೊಡನೆ ಹುದ್ದೆ ಬಾರದು. ಪ್ರತಿ ಹುದ್ದೆಗೂ ಅದರದೇ ಅರ್ಹತೆಯುಂಟು. ಇನ್ನು, ಸ್ಟ್ರೆಚರ್ ಹೊರುವುದನ್ನು ಪರದೆ ಕಲಿಸಲಾರದು. ಪ್ರಥಮ ಚಿಕಿತ್ಸೆಯನ್ನೂ ಬೆಂಕಿ ಆರಿಸುವುದನ್ನೂ ಕೈಯಾರೆ ಮಾಡಿಯೇ ಕಲಿಯಬೇಕು.

ಮೂವರಲ್ಲಿ ಮುಗಿಸಿದವರು ಇಬ್ಬರೇ. ಹೋಟೆಲಿನ ಗೆಳೆಯರು ಮೂರನೆಯ ಅರ್ಧವರ್ಷದಲ್ಲಿ ನಿಂತರು. ಅವರಿಗೆ ಬುದ್ಧಿ ಕಡಿಮೆಯಿರಲಿಲ್ಲ. ಪರೀಕ್ಷೆಗೆ ರಜೆ ಸಿಗಲಿಲ್ಲ, ಶುಲ್ಕಕ್ಕೆ ಕೂಡಿಟ್ಟದ್ದು ತಾಯಿಯ ಔಷಧಕ್ಕೆ ಹೋಯಿತು. ಚಾಳಿನ ಮೆಟ್ಟಿಲನ್ನು ತೆರವು ಮಾಡಿಸಿ, ಮುಖ್ಯ ಸ್ವಿಚ್ಚಿನ ಬಳಿ ಕನ್ನಡದಲ್ಲೂ ಮರಾಠಿಯಲ್ಲೂ ಬರೆದು ಹಚ್ಚಿದವರು ಅವರೇ. ಪದವಿ ನಮ್ಮಲ್ಲಿದೆ, ಕೆಲಸ ಮಾಡಿದವರು ಅವರು!

ಆದುದರಿಂದ ಸಭೆಯಲ್ಲಿ ನಮ್ಮ ವಿನಂತಿ ಇಷ್ಟೆ: ವಾರಕ್ಕೆರಡು ರಾತ್ರಿ ಸಂಘದ ಕೋಣೆ ಓದುವವರಿಗೆ ತೆರೆದಿರಲಿ. ಒಂದು ಚಿಕ್ಕ ವಿದ್ಯಾನಿಧಿ ಕೂಡಲಿ. ಅದರ ಮೊದಲ ನೆರವು ಆ ಗೆಳೆಯರ ಉಳಿದ ಓದಿಗೆ ಸಲ್ಲಲಿ. ನಾವಿಬ್ಬರೂ ನಮ್ಮ ಒಂದು ದಿನದ ಸಂಬಳವನ್ನು ಇಂದೇ ಖಜಾಂಚಿಯವರ ಕೈಗೆ ಒಪ್ಪಿಸುತ್ತಿದ್ದೇವೆ.