ಮಫಿನ್, ಕಪ್‌ಕೇಕ್ ಮತ್ತು ನಮ್ಮ ರೊಟ್ಟಿ

ಇವತ್ತು ರಾಜಕೀಯ ಬೇಡ, ತಿಂಡಿ ವಿಷಯ ಮಾತಾಡೋಣ. ಆದರೆ ಕೊನೆಗೆ ಅದೂ ಸರ್ಕಾರದ ಬಾಗಿಲಿಗೇ ಹೋಗಿ ನಿಲ್ಲುತ್ತೆ. ಈಗಲೇ ಹೇಳಿಬಿಡ್ತೀನಿ.

ಮೊನ್ನೆ ಚಂದ್ರಂಪಳ್ಳಿ ಜಲಾಶಯದಲ್ಲಿ ಚಿತ್ರೀಕರಣ ಮುಗಿಸಿ ಬರುವಾಗ ಚಿಂಚೋಳಿಯ ಒಂದು ಬೇಕರಿ ಮುಂದೆ ಗಾಡಿ ನಿಲ್ಲಿಸಿದೆವು. ಗಾಜಿನ ಕಪಾಟಿನಲ್ಲಿ ಎರಡು ಟ್ರೇ. ಒಂದರಲ್ಲಿ ಮಫಿನ್, ಇನ್ನೊಂದರಲ್ಲಿ ಕಪ್‌ಕೇಕ್. ಅದೇ ಕಾಗದದ ಬಟ್ಟಲು, ಅದೇ ಗಾತ್ರ. 'ಅಣ್ಣಾ, ಏನು ವ್ಯತ್ಯಾಸ?' ಅಂತ ಕೇಳಿದೆ. 'ಅದರಾಗೇನ್ ಅದರೀ ಸರ್? ಮ್ಯಾಲ ಕ್ರೀಮ್ ಇದ್ರ ಕಪ್‌ಕೇಕ್, ಇಲ್ಲಂದ್ರ ಮಫಿನ್. ಕ್ರೀಮಿನ ರೊಕ್ಕ ಬ್ಯಾರೆ' ಅಂದ.

ಅರ್ಧ ಸತ್ಯ. ಉಳಿದರ್ಧ ಮಾಡುವವರ ಕೈಯಲ್ಲಿದೆ. ಕಪ್‌ಕೇಕ್‌ಗೆ ಬೆಣ್ಣೆ, ಸಕ್ಕರೆ ಎರಡನ್ನೂ ಹಗುರಾಗೋವರೆಗೆ ಚೆನ್ನಾಗಿ ಕಡೆಯಬೇಕು. ಆ ಗಾಳಿಯಿಂದಲೇ ಅದು ಹತ್ತಿಯ ಹಾಗೆ ನುಣುಪು. ಮಫಿನ್‌ಗೆ ಹಿಟ್ಟು ಒಂದು ಪಾತ್ರೆ, ಹಾಲು, ಎಣ್ಣೆ, ಮೊಟ್ಟೆ ಇನ್ನೊಂದು ಪಾತ್ರೆ. ಎರಡನ್ನೂ ಸೇರಿಸಿ ನಾಲ್ಕು ಸಲ ತಿರುವಿದರೆ ಸಾಕು, ಗಂಟು ಉಳಿದರೂ ಚಿಂತೆ ಇಲ್ಲ. ಜಾಸ್ತಿ ಕಲಸಿದರೆ ಮೈದಾ ಅಂಟು ಬಿಟ್ಟು ರಬ್ಬರ್ ಆಗುತ್ತೆ. ಸಕ್ಕರೆಯೂ ಸಾಮಾನ್ಯವಾಗಿ ಕಡಿಮೆ. ಅಂದರೆ ಕ್ರೀಮ್ ಒರೆಸಿಬಿಟ್ಟ ಮಾತ್ರಕ್ಕೆ ಕಪ್‌ಕೇಕ್ ಮಫಿನ್ ಆಗೋದಿಲ್ಲ.

ನಮ್ಮ ಸೇಡಂ, ಚಿತ್ತಾಪುರದ ತಾಯಂದಿರಿಗೆ ಇದನ್ನ ಯಾರೂ ಕಲಿಸಬೇಕಿಲ್ಲ. ಅದೇ ಜೋಳದ ಹಿಟ್ಟು, ಅದೇ ಬಿಸಿನೀರು, ಅದೇ ಹೆಂಚು. ತಕ್ಷಣ ತಿಂದರೆ ಬಿಸಿ ರೊಟ್ಟಿ. ಇನ್ನೂ ತೆಳ್ಳಗೆ ಬಡಿದು, ಬೇಯಿಸಿ, ಒಣಗಿಸಿಟ್ಟರೆ ಕಡಕ್ ರೊಟ್ಟಿ, ತಿಂಗಳಾದರೂ ಕೆಡಲ್ಲ. ಹಿಟ್ಟು ಒಂದೇ, ಪದಾರ್ಥ ಎರಡು.

ಈಗ ಸರ್ಕಾರದ ಬಾಗಿಲಿಗೆ ಬನ್ನಿ. 2020ರಲ್ಲಿ ಬೆಂಗಳೂರಿನ ಐಡಿ ಫ್ರೆಶ್ ಫುಡ್ ಕಂಪನಿ ನಮ್ಮ ರಾಜ್ಯದ ಜಿಎಸ್‌ಟಿ ಮುಂಗಡ ತೀರ್ಪು ಪ್ರಾಧಿಕಾರದ ಮುಂದೆ ಹೋಗಿ, ನಮ್ಮ ಪ್ಯಾಕೆಟ್ ಪರೋಟವನ್ನೂ ರೊಟ್ಟಿಯ ಸಾಲಿಗೇ ಸೇರಿಸಿ ಅಂತ ಕೇಳಿತ್ತು. ಇಲ್ಲ ಅಂತು ಪ್ರಾಧಿಕಾರ. ರೊಟ್ಟಿಯನ್ನ ಹಾಗೇ ತಿನ್ನಬಹುದು, ಪರೋಟವನ್ನ ಮತ್ತೆ ಕಾಯಿಸಬೇಕು. ಆದ್ದರಿಂದ ರೊಟ್ಟಿಗೆ ಶೇಕಡಾ 5, ಪರೋಟಕ್ಕೆ ಶೇಕಡಾ 18! ದೇಶವೇ ನಕ್ಕಿತು. ಅದೇ ಹೊತ್ತಲ್ಲಿ ಮಫಿನ್ನು, ಕಪ್‌ಕೇಕು ಎರಡೂ ಕೇಕಿನ ಸಾಲಲ್ಲಿ, ಎರಡಕ್ಕೂ 18. ನೋಡಿ ವಿಚಿತ್ರ. ವ್ಯತ್ಯಾಸ ಇರೋ ಕಡೆ ಕಾನೂನಿಗೆ ಕಾಣಲ್ಲ, ಮನೆಯಲ್ಲಿ ಒಂದೇ ಹೆಂಚಿನ ಮೇಲೆ ಬೇಯುವ ಎರಡರ ಮಧ್ಯೆ 13ರ ಗೋಡೆ.

ಇದು ನಮ್ಮ ಕಥೆ ಮಾತ್ರ ಅಲ್ಲ. ಬ್ರಿಟನ್ನಿನಲ್ಲಿ ಕೇಕ್‌ಗೆ ತೆರಿಗೆ ಸೊನ್ನೆ, ಚಾಕೊಲೇಟ್ ಹಚ್ಚಿದ ಬಿಸ್ಕತ್ತಿಗೆ ತೆರಿಗೆ ಉಂಟು. ಜಾಫಾ ಕೇಕ್ ಯಾವುದು ಅಂತ 1991ರಲ್ಲಿ ವಿಚಾರಣೆಯೇ ನಡೀತು. ಹಳೆಯದಾದ ಮೇಲೆ ಕೇಕ್ ಗಟ್ಟಿಯಾಗುತ್ತೆ, ಬಿಸ್ಕತ್ತು ಮೆತ್ತಗಾಗುತ್ತೆ. ಜಾಫಾ ಗಟ್ಟಿಯಾಗುತ್ತೆ, ಅನ್ನೋದೂ ಒಂದು ಕಾರಣವಾಗಿ ಅದು ಕೇಕ್ ಅಂತ ತೀರ್ಪಾಯ್ತು. ಆ ನ್ಯಾಯಾಧೀಶರ ಕೈಗೆ ನಮ್ಮ ಕಡಕ್ ರೊಟ್ಟಿ ಸಿಕ್ಕಿದ್ದರೆ ಏನನ್ನುತ್ತಿದ್ದರೋ!

ನಗು ಇರಲಿ. ನನ್ನ ಚಿಂತೆ ದೊಡ್ಡ ಕಂಪನಿಯದಲ್ಲ, ಅವರಿಗೆ ವಕೀಲರಿದ್ದಾರೆ. ನಮ್ಮ ಜಿಲ್ಲೆಯಲ್ಲಿ ಸ್ವಸಹಾಯ ಸಂಘದ ಹೆಣ್ಣುಮಕ್ಕಳು 'ಕಲಬುರಗಿ ರೊಟ್ಟಿ' ಅನ್ನೋ ಹೆಸರಿನಲ್ಲಿ ರೊಟ್ಟಿ ಬಡಿದು ಊರೂರಿಗೆ ಕಳಿಸ್ತಿದ್ದಾರೆ. ಅಂದಿನ ಪಟ್ಟಿಯಲ್ಲಿ ಇದ್ದದ್ದು 'ಸಾದಾ' ಚಪಾತಿ ಅಥವಾ ರೊಟ್ಟಿ. ಹಾಗಾದರೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಸಾದಾನೋ, ಅಲ್ಲವೋ? ಇಂಥ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ಒಬ್ಬ ತಾಯಿ ಯಾವ ಕಚೇರಿಗೆ ಅಲೀಬೇಕು ಸ್ವಾಮಿ?

ಒಳ್ಳೆಯದನ್ನೂ ಹೇಳಬೇಕು. 2025ರ ಸೆಪ್ಟೆಂಬರ್ 22ರಿಂದ ಚಪಾತಿ, ರೊಟ್ಟಿ, ಪರೋಟ ಎಲ್ಲಕ್ಕೂ ಜಿಎಸ್‌ಟಿ ಸೊನ್ನೆ. ಕೇಕ್ 18ರಿಂದ 5ಕ್ಕೆ ಇಳಿದಿದೆ. ಐದು ವರ್ಷ ನಕ್ಕ ಮೇಲೆ ಬುದ್ಧಿ ಬಂತು, ಬರಲಿ, ಸ್ವಾಗತ. ಆದರೆ ಪಾಠ ಮರೀಬಾರದು. ತಿನ್ನೋ ಪದಾರ್ಥದ ವ್ಯತ್ಯಾಸ ತೀರ್ಮಾನಿಸೋಕೆ ನಾಲಿಗೆ ಇದೆ, ಮಾಡುವ ಕೈ ಇದೆ. ತೆರಿಗೆ ಹಾಕುವವರು ಮೊದಲು ಒಮ್ಮೆ ಆ ಒಲೆ ಮುಂದೆ ಕೂತು ಬರಲಿ.

ಅಂದಹಾಗೆ, ಚಿಂಚೋಳಿಯಲ್ಲಿ ನಾನು ತಗೊಂಡದ್ದು ಮಫಿನ್. ಗಂಟು ಇತ್ತು. ಸರಿಯಾಗಿಯೇ ಮಾಡಿದ್ದ.